ಚಿಕ್ಕ ಇಂಜಿನ್ನೋ ದೊಡ್ಡ ಇಂಜಿನ್ನೋ

ಎರಡರಲ್ಲಿ ಒಂದನ್ನು ಆರಿಸಿಕೋ ಎಂದರೆ ನನಗೆ ಸಣ್ಣಗೆ ಜ್ವರ ಬರುತ್ತದೆ. ಹೊಸೂರಿನ ಹೋಟೆಲಿನಲ್ಲಿ ಸರ್ವರ್ ಬಂದು ಇಡ್ಲಿಯೋ ದೋಸೆಯೋ ಎಂದು ಕೇಳಿದ ಕೂಡಲೇ ನನ್ನ ಹಸಿವು ಇಂಗಿಹೋಗುತ್ತದೆ. ಇಡ್ಲಿ ಎಂದುಬಿಟ್ಟರೆ ಕಾವಲಿಯ ಮೇಲಿನ ದೋಸೆ ಚುಂಯ್ ಎಂದು ನನ್ನನ್ನೇ ಬೈಯುತ್ತಿದೆ ಅನ್ನಿಸುತ್ತದೆ. ದೋಸೆ ಎಂದರೆ ಪಕ್ಕದ ಮೇಜಿನ ಇಡ್ಲಿಯ ಮೇಲಿಂದ ಕಣ್ಣು ಕೀಳಲಾಗುವುದಿಲ್ಲ. ಎಷ್ಟೋ ಸಲ ಬರೀ ಕಾಫಿ ಕುಡಿದು ಎದ್ದು ಬಂದಿದ್ದೇನೆ. ಬಟ್ಟೆ ಅಂಗಡಿಗೆ ನನ್ನನ್ನು ಕರೆದುಕೊಂಡು ಹೋಗುವುದನ್ನು ನನ್ನ ಹೆಂಡತಿ ಮದುವೆಯಾದ ಎರಡನೆಯ ವರ್ಷಕ್ಕೇ ನಿಲ್ಲಿಸಿದಳು.

ವಿಚಿತ್ರವೆಂದರೆ ಭಾಷೆಯ ವಿಷಯದಲ್ಲಿ ನನಗೆ ಈ ಕಾಯಿಲೆ ಇಲ್ಲ. ನಾವು ಹೊಸೂರು ಪಕ್ಕದ ಬಾಗಲೂರಿನ ಕಡೆಯವರು ಬೆಳಗಾದರೆ ಮನೆಯಲ್ಲಿ ಕನ್ನಡ, ತರಕಾರಿ ಮಂಡಿಯಲ್ಲಿ ತೆಲುಗು, ತಾಲ್ಲೂಕು ಆಫೀಸಿನಲ್ಲಿ ತಮಿಳು ಆಡುತ್ತೇವೆ. ಯಾವುದನ್ನು ಎಲ್ಲಿ ಬಿಚ್ಚಬೇಕು, ಎಲ್ಲಿ ಮಡಿಸಿಡಬೇಕು ಎಂದು ಯಾರೂ ಯೋಚಿಸುವುದಿಲ್ಲ. ಮೂರು ಭಾಷೆಗಳ ನಡುವೆ ಮುಗ್ಗರಿಸದೆ ಓಡಾಡುವ ಮನುಷ್ಯ ಎರಡು ಇಂಜಿನ್ನುಗಳ ನಡುವೆ ಮೂರು ವರ್ಷ ನಿಂತುಬಿಟ್ಟ ಎಂದರೆ ನೀವು ನಗುತ್ತೀರಿ. ನಗಿ. ನಾನೂ ಮೊದಮೊದಲು ನಕ್ಕಿದ್ದೆ.

ಈ ಕಾಯಿಲೆಯ ಮೂಲ ನನಗೆ ಗೊತ್ತು. ಅದು ನನ್ನ ಅಕ್ಕ. ನನಗೆ ನಾಲ್ಕು ವರ್ಷವಾಗಿದ್ದಾಗ ಅವ್ವ ತೀರಿಕೊಂಡಳು. ಅದೇ ಹೊತ್ತಿಗೆ ಗಂಡನನ್ನು ಕಳೆದುಕೊಂಡ ಅಕ್ಕ ಕಂಕುಳಲ್ಲಿ ಮಗಳು ಗೌರಿಯನ್ನು ಎತ್ತಿಕೊಂಡು ತವರಿಗೆ ಬಂದಳು. ನನ್ನನ್ನೂ ಗೌರಿಯನ್ನೂ ಒಂದೇ ತಟ್ಟೆಯಲ್ಲಿ ಉಣ್ಣಿಸಿ ಬೆಳೆಸಿದಳು. ನಾನು ಯಾವ ಶಾಲೆಗೆ ಹೋಗಬೇಕು, ಯಾವ ಹೊಲಕ್ಕೆ ಕೋಸು ಹಾಕಬೇಕು, ಯಾವ ಹುಡುಗಿಯನ್ನು ಮದುವೆಯಾಗಬೇಕು, ಎಲ್ಲ ಅವಳದೇ ತೀರ್ಮಾನ. ಒಂದೂ ತಪ್ಪಲಿಲ್ಲ, ನನ್ನ ಹೆಂಡತಿಯೂ ಇದನ್ನು ಒಪ್ಪುತ್ತಾಳೆ. ಹೀಗೆ ಬೆಳೆದವನಿಗೆ ಆರಿಸುವ ಶಕ್ತಿ ಎಲ್ಲಿಂದ ಬರಬೇಕು? ನಲವತ್ತು ದಾಟಿದ ಮೇಲೆ ಮೊಟ್ಟಮೊದಲ ಬಾರಿಗೆ ನಾನೇ ಒಂದನ್ನು ಆರಿಸಬೇಕಾಗಿ ಬಂತು. ಅದೂ ಅಕ್ಕನ ಸಲುವಾಗಿ.

ಗೌರಿಯನ್ನು ಕೊಟ್ಟಿದ್ದು ಡೆಂಕಣಿಕೋಟೆ ದಾಟಿ, ಅಂಚೆಟ್ಟಿ ಕಡೆಯ ಕಾಡಿನಲ್ಲಿ, ಒಂದು ಘಾಟಿ ಇಳಿದು ಮತ್ತೊಂದು ಬೆಟ್ಟ ಹತ್ತಿದರೆ ಸಿಗುವ ಒಂದು ಹಳ್ಳಿಗೆ. ಹುಡುಗ ಚಿನ್ನದಂಥವನು, ಊರು ಮಾತ್ರ ಮೋಡದ ಪಕ್ಕದಲ್ಲಿತ್ತು. ನಮ್ಮಲ್ಲಿ ಒಂದು ಪದ್ಧತಿಯಿದೆ: ಮಗಳಿಗೆ ಮಗುವಾಗುವ ತನಕ ಹೆತ್ತವಳು ಮಗಳ ಮನೆಯಲ್ಲಿ ಹನಿ ನೀರನ್ನೂ ಮುಟ್ಟಬಾರದು. ಬೇರೆ ತಾಯಂದಿರು ಹೋಗಿ, ಮಾತಾಡಿ, ನೀರು ಕುಡಿಯದೆ ಹಿಂತಿರುಗುತ್ತಾರೆ. ಅಕ್ಕ ಅಷ್ಟಕ್ಕೂ ಒಪ್ಪಲಿಲ್ಲ. "ನೀರು ಕುಡೀದಿರೋ ಮನೆ ಹೊಸ್ಲು ಯಾಕ್ಲಾ ತುಳೀಬೇಕು? ಮಗಾ ಆಗ್ಲಿ, ಉಂಡೇ ಬತ್ತೀನಿ" ಎಂದು ಕೂತಳು. ಗೌರಿಗೆ ಮಗುವಾಗಲು ಹನ್ನೊಂದು ವರ್ಷ ಹಿಡಿಯಿತು. ಹೆರಿಗೆಗೆ ಅವಳು ನಮ್ಮ ಮನೆಗೇ ಬಂದಳು, ಬಾಣಂತನ ಮುಗಿಸಿಕೊಂಡು ಗಂಡುಮಗುವಿನೊಂದಿಗೆ ಹೊರಟಳು. ತಾಯಿ ಮಗುವನ್ನು ಊರಿಗೆ ಬಿಟ್ಟುಬರಲು ಹೋದವನು ನಾನು. ಅಷ್ಟರಲ್ಲಿ ಅಕ್ಕನ ಮಂಡಿಗಳು ಮಾತು ಕೇಳುವುದನ್ನು ಬಿಡತೊಡಗಿದ್ದವು.

ಮಗಳನ್ನು ನೋಡುವುದು ಅಕ್ಕನಿಗೆ ಸಮಸ್ಯೆಯಾಗಿರಲಿಲ್ಲ. ಗೌರಿ ಯುಗಾದಿಗೆ, ಗೌರಿ ಹಬ್ಬಕ್ಕೆ ಬಂದುಹೋಗುತ್ತಿದ್ದಳು. ಅಕ್ಕನಿಗೆ ನೋಡಬೇಕಾಗಿದ್ದದ್ದು ಮಗಳ ಮನೆ. ಹನ್ನೊಂದು ವರ್ಷದಿಂದ ಅವಳು ಎಲ್ಲಿ ನೀರು ಸೇದುತ್ತಾಳೆ, ಎಲ್ಲಿ ಕೂತು ಅಡುಗೆ ಮಾಡುತ್ತಾಳೆ, ಎಲ್ಲಿ ಮಲಗುತ್ತಾಳೆ ಎಂಬುದನ್ನು ಕಣ್ಣಾರೆ ನೋಡಿ, ಆ ಒಲೆಯ ಮೇಲೆ ಬೆಂದ ಒಂದು ತುತ್ತು ಉಂಡು ಬರಬೇಕು. ಬಸ್ಸು ಘಾಟಿಯ ಬುಡಕ್ಕೇ ನಿಲ್ಲುತ್ತಿತ್ತು. ಅಲ್ಲಿಂದ ಮೇಲೆ ಕಲ್ಲುದಾರಿ. ಕಾರಿನವರು ಆ ದಾರಿಯ ಹೆಸರು ಕೇಳಿದರೇ ಕೈಮುಗಿಯುತ್ತಿದ್ದರು. ಜೀಪೊಂದೇ ಗತಿ.

ಆ ಕಾಲಕ್ಕೆ ಹೊಸೂರಿನ ಸುತ್ತ ಕಾರ್ಖಾನೆಗಳು ಏಳುತ್ತಿದ್ದವು. ಜೂಜುವಾಡಿ ಪಕ್ಕದ ನಮ್ಮ ರಾಗಿ ಹೊಲವೂ ಅದಕ್ಕೇ ಹೋಗಿತ್ತು. ಹೊಲ ಹೋದ ದುಃಖಕ್ಕೆ, ಪರಿಹಾರವಾಗಿ ಬಂದ ಹಣದಲ್ಲಿ ಒಂದು ಜೀಪು ಬರಲಿ ಎಂದು ನಾನು ನಿರ್ಧರಿಸಿದೆ. ಕೃಷ್ಣಗಿರಿಯಲ್ಲಿದ್ದ ಏಜೆಂಟರ ಆಫೀಸಿಗೆ ಹೋಗಿ ಫಾರಂ ಕೇಳಿದೆ. ಗುಮಾಸ್ತ ಕನ್ನಡಕ ಏರಿಸಿ ತಮಿಳಿನಲ್ಲಿ ಒಂದೇ ಪ್ರಶ್ನೆ ಕೇಳಿದ: ಚಿಕ್ಕ ಪೆಟ್ರೋಲ್ ಇಂಜಿನ್ನೋ, ದೊಡ್ಡ ಡೀಸೆಲ್ ಇಂಜಿನ್ನೋ? ಈಗಲೇ ಬರೆಯಬೇಕು. ಆಮೇಲೆ ಬದಲಾಯಿಸಿದರೆ ಪಟ್ಟಿಯ ಕೊನೆಗೆ ಹೋಗುತ್ತೀರಿ, ಪಟ್ಟಿ ಒಂದು ವರ್ಷದಷ್ಟು ಉದ್ದವಿದೆ. ನಾನು ಗೋಡೆಯ ಕ್ಯಾಲೆಂಡರಿನಲ್ಲಿದ್ದ ದೇವರನ್ನು ನೋಡಿದೆ. ದೇವರು ಎರಡು ಕೈಯನ್ನೂ ಒಂದೇ ಎತ್ತರದಲ್ಲಿ ಹಿಡಿದಿದ್ದ. ಪೆನ್ನು ತನ್ನಷ್ಟಕ್ಕೆ ತಾನೇ ಚಿಕ್ಕದು ಎಂದು ಬರೆಯಿತು.

ಅಲ್ಲಿಗೆ ಬಿಟ್ಟಿದ್ದರೆ ಸರಿಹೋಗುತ್ತಿತ್ತು. ಆದರೆ ಆರಿಸಲಾರದವನ ದೊಡ್ಡ ದುರ್ಗುಣವೆಂದರೆ, ಅಪ್ಪಿತಪ್ಪಿ ಆರಿಸಿದ ಮೇಲೆ ಅವನು ಊರವರನ್ನೆಲ್ಲ ಸರಿಯಾ ಎಂದು ಕೇಳಿಕೊಂಡು ಬರುತ್ತಾನೆ. ನಾನು ಮೊದಲು ಕೇಳಿದ್ದು ಜೂಜುವಾಡಿ ರಸ್ತೆಯಲ್ಲಿ ಲಾರಿ ರಿಪೇರಿ ಮಾಡುತ್ತಿದ್ದ ಮೆಕ್ಯಾನಿಕ್ ಸೆಲ್ವಂನನ್ನು. ನನಗೆ ಹಳೆಯ ಜೀಪೊಂದರಲ್ಲಿ ಗಾಡಿ ಓಡಿಸುವುದನ್ನು ಕಲಿಸಿದವನೂ ಅವನೇ. ಅವನು ಕೈಯ ಗ್ರೀಸು ಒರೆಸಿಕೊಳ್ಳುತ್ತ, "ಅಣ್ಣೇ, ತಪ್ಪು ಮಾಡ್ಬಿಟ್ರಿ. ಆ ಬೆಟ್ಟಕ್ಕೆ ಚಿಕ್ಕದು ಆಗೋದಿಲ್ಲ. ಅರ್ಧ ದಾರೀಲಿ ಮೂಚ್ಚು ವಾಂಗ್ತದೆ. ನಿಂತ್ರೆ ಪರ್ವಾಗಿಲ್ಲ, ಹಿಂದಕ್ಕೆ ಜಾರಿದ್ರೆ?" ಎಂದ. ಚಿಕ್ಕ ಇಂಜಿನ್ನು ಮುದುಕನಂತೆ ಏದುಸಿರು ಬಿಡುವುದೂ, ಜೀಪು ಅಕ್ಕನನ್ನು ಕೂರಿಸಿಕೊಂಡು ಹಿಮ್ಮುಖವಾಗಿ ಕಣಿವೆಗೆ ಹೊರಡುವುದೂ ನನ್ನ ಕಣ್ಣಿಗೆ ಕಟ್ಟಿತು. ಅಕ್ಕ ಜಾರುತ್ತಿರುವ ಜೀಪಿನಿಂದ ನನ್ನನ್ನು ಏನೆಂದು ಬೈಯುತ್ತಾಳೆ ಎಂಬುದೂ ಕೇಳಿಸಿತು. ಮಾರನೆಯ ವಾರ ಕೃಷ್ಣಗಿರಿಗೆ ಹೋಗಿ ದೊಡ್ಡದು ಎಂದು ತಿದ್ದಿಸಿದೆ. ಗುಮಾಸ್ತ ನನ್ನ ಹೆಸರನ್ನು ಕೆಂಪು ಶಾಯಿಯಲ್ಲಿ ಹೊಡೆದು ಪಟ್ಟಿಯ ಕೊನೆಗೆ ಬರೆದ.

ಸುಮಾರು ಒಂದು ವರ್ಷ ನೆಮ್ಮದಿಯಾಗಿದ್ದೆ. ನನ್ನ ಸರದಿ ಹತ್ತಿರ ಬಂದಾಗ ದನದ ದಲ್ಲಾಳಿ ಪಿಳ್ಳಪ್ಪ ಸಿಕ್ಕಿದ. ಪಿಳ್ಳಪ್ಪನ ಬಗ್ಗೆ ಒಂದು ಮಾತು ಹೇಳಬೇಕು. ನಮ್ಮ ಸೀಮೆಯಲ್ಲಿ ಅವನು ನೋಡದೆ ಯಾರೂ ಎತ್ತು ಕೊಳ್ಳುತ್ತಿರಲಿಲ್ಲ. ಹಲ್ಲು ಎಣಿಸಿ, ಗೊರಸು ತಟ್ಟಿ, ಬೆನ್ನಿನ ಸುಳಿ ನೋಡಿ, ಈ ಎತ್ತು ಕೊಂಡವನ ಮನೆ ಉದ್ಧಾರವಾಗುತ್ತದೋ ಹಾಳಾಗುತ್ತದೋ ಹೇಳುತ್ತಿದ್ದ. ಎತ್ತಿನ ಶಾಸ್ತ್ರ ಜೀಪಿಗೂ ನಡೆಯುತ್ತದೆಂದು ನಾನೂ ಅವನೂ ಮನಃಪೂರ್ವಕ ನಂಬಿದೆವು. ಈ ನಂಬಿಕೆ ನಿಮಗೆ ತಮಾಷೆಯಾಗಿ ಕಂಡರೆ, ಇಂಜಿನ್ನಿನ ಶಕ್ತಿಯನ್ನು ಕುದುರೆಗಳಲ್ಲಿ ಅಳೆದವರು ಯಾರು ಎಂದು ಸ್ವಲ್ಪ ಯೋಚಿಸಿ. ದೊಡ್ಡ ದೊಡ್ಡ ಓದು ಓದಿದವರೇ ಕುದುರೆಯನ್ನು ಎಳೆದು ತಂದಿದ್ದಾರೆ. ಅವರಿಗೆ ಕುದುರೆಯಾದರೆ ನಮಗೆ ಎತ್ತು. ಕುದುರೆಯನ್ನು ನಾವು ಕಂಡಿದ್ದು ಹೊಸೂರಿನ ಜಟಕಾಗಾಡಿಯಲ್ಲಿ ಮಾತ್ರ. ಅದು ಏರು ಬಂದರೆ ನಿಂತುಬಿಡುತ್ತಿತ್ತು, ಜನ ಇಳಿದು ತಳ್ಳಬೇಕಾಗುತ್ತಿತ್ತು.

ಪಿಳ್ಳಪ್ಪ ಸೆಲ್ವಂನ ಶೆಡ್ಡಿಗೆ ಬಂದು ಅಲ್ಲಿ ರಿಪೇರಿಗೆ ನಿಂತಿದ್ದ ಎರಡು ಜೀಪುಗಳನ್ನೂ ನೋಡಿದ. ಒಂದು ಚಿಕ್ಕ ಇಂಜಿನ್ನಿನದು, ಒಂದು ದೊಡ್ಡದು. ಬಾನೆಟ್ಟಿನ ಮೇಲೆ ಅಂಗೈ ಸವರಿದ, ಹೆಡ್‌ಲೈಟುಗಳ ನಡುವೆ ಸುಳಿ ಹುಡುಕಿದ, ಟೈರನ್ನು ಗೊರಸಿನಂತೆ ತಟ್ಟಿದ. ಆಮೇಲೆ ಟವೆಲು ಕೊಡವಿ, "ನೋಡಪ್ಪ, ದೊಡ್ಡ ಎತ್ತು ಬಂಡೆ ಎಳೀತದೆ, ಸರಿ. ಅಕ್ಕಯ್ಯ ಏನು ಬಂಡೆಯಾ? ಹೆಂಗಸ್ರು ಮಕ್ಳು ಕೂರೋ ಗಾಡೀಗೆ ಸಾಧು ಎತ್ತೇ ಕಟ್ಬೇಕು. ಈ ದೊಡ್ಡದು ಚಾಲು ಆದ್ರೆ ನಿಂತಲ್ಲೇ ಹೆಂಗೆ ನಡುಗ್ತದೆ ನೋಡು" ಎಂದ. ನನಗೂ ಒಂದು ಉಪಾಯ ಹೊಳೆಯಿತು. ಟೀ ಅಂಗಡಿಯಿಂದ ಒಂದು ಲೋಟದ ತುಂಬ ನೀರು ತಂದು ಸೀಟಿನ ಮೇಲಿಟ್ಟು ಇಂಜಿನ್ ಚಾಲು ಮಾಡಿಸಿದೆ. ಚಿಕ್ಕದರಲ್ಲಿ ನೀರು ಸುಮ್ಮನೆ ಮಿಣಮಿಣ ಅಲುಗಿತು. ದೊಡ್ಡದರಲ್ಲಿ ಲೋಟ ತಾನೇ ನಡೆದುಕೊಂಡು ಹೋಗಿ ಕೆಳಗೆ ಬಿತ್ತು. ಅಕ್ಕನ ಮಂಡಿಗಳನ್ನು ನೋಡುತ್ತಿದ್ದ ಡಾಕ್ಟರು, ಕುಲುಕಾಟ ಆಗಲೇಬಾರದು ಎಂದು ಹೇಳಿದ್ದು ನೆನಪಿಗೆ ಬಂತು. ಒದ್ದೆ ಸೀಟನ್ನು ಒರೆಸುತ್ತ ಸೆಲ್ವಂ ಹೇಳಿದ್ದು ಯಾವುದೂ ನನ್ನ ಕಿವಿಗೆ ಬೀಳಲಿಲ್ಲ.

ಅತ್ತ ದರಿ, ಇತ್ತ ಪುಲಿ. ದೊಡ್ಡದಾದರೆ ಬೆಟ್ಟ ಹತ್ತುತ್ತದೆ, ಅಕ್ಕನ ಕೀಲುಗಳು ಕಳಚುತ್ತವೆ. ಚಿಕ್ಕದಾದರೆ ಅಕ್ಕ ಸುಖವಾಗಿ ಕೂತಿರುತ್ತಾಳೆ, ಬೆಟ್ಟದ ಬುಡದಲ್ಲೇ. ಒಂದು ಸಂಜೆ ತಡೆಯಲಾರದೆ ಅಕ್ಕನನ್ನೇ ಕೇಳಿದೆ. ಅವಳು ಜಗಲಿಯ ಮೇಲೆ ಕಾಲು ಚಾಚಿ ಅವರೆಕಾಯಿ ಸುಲಿಯುತ್ತಿದ್ದಳು. "ನಂಗೇನ್ ಗೊತ್ತಾದದ್ಲಾ ಇಂಜಿನ್ನು? ಯಾವ್ದು ಮೊದ್ಲು ಬತ್ತದೋ ಅದನ್ನೇ ತಗಾ" ಎಂದಳು. ನನಗೆ ಹೆಣ್ಣು ನೋಡುವಾಗ ಕೂಡ ಅವಳು ಇಷ್ಟು ಬೇಗ ತೀರ್ಮಾನ ಹೇಳಿರಲಿಲ್ಲ. ಪಾಪ, ಅವಳಿಗೆ ಯಂತ್ರದ ವಿಷಯ ತಿಳಿಯದು ಎಂದುಕೊಂಡು ನಾನು ಮಾರನೆಯ ದಿನ ಕೃಷ್ಣಗಿರಿಯ ಬಸ್ಸು ಹತ್ತಿದೆ. ಚಿಕ್ಕದು ಎಂದು ಬರೆಸಿದೆ. ಮತ್ತೆ ಕೆಂಪು ಶಾಯಿ, ಮತ್ತೆ ಪಟ್ಟಿಯ ಕೊನೆ. ಗುಮಾಸ್ತ ಈ ಸಲ ನನಗೆ ಕೂರಲು ಕುರ್ಚಿ ಕೊಟ್ಟು, ಊಟವಾಯಿತೇ ಎಂದು ಕನಿಕರದಿಂದ ಕೇಳಿದ.

ಬಾಡಿಗೆಗೆ ಒಂದು ಜೀಪು ತಂದು ಅಕ್ಕನನ್ನು ಒಂದು ದಿನದ ಮಟ್ಟಿಗೆ ಕರೆದುಕೊಂಡು ಹೋಗಬಹುದಿತ್ತಲ್ಲ ಎಂದು ನೀವು ಕೇಳಬಹುದು. ಅಂಥ ಜೀಪು ಸಿಗುತ್ತಿತ್ತು. ಸೆಲ್ವಂ ತಾನೇ ಒಂದನ್ನು ಕೊಡಿಸುತ್ತೇನೆ ಎಂದಿದ್ದ. ನಾನು ಬೇಡವೆಂದೆ. ಹೊಸ ಜೀಪು ಬುಕ್ ಮಾಡಿದ ಮನುಷ್ಯ ಬಾಡಿಗೆ ಜೀಪಿನಲ್ಲಿ ಬೀಗರ ಊರಿಗೆ ಹೋಗುವುದು ಮರ್ಯಾದೆಯೇ ಎನ್ನಿಸಿತು. ಇದನ್ನು ಬರೆಯುವಾಗ ನನ್ನ ಮೇಲೆ ನನಗೇ ಅಸಹ್ಯವಾಗುತ್ತಿದೆ. ಬರೆಯದೆ ಬಿಟ್ಟರೆ ಇನ್ನೂ ಹೆಚ್ಚು ಅಸಹ್ಯವಾದೀತು ಎಂದು ಬರೆದಿದ್ದೇನೆ.

ಮೂರನೆಯ ವರ್ಷ ಜೀಪು ಬಂತು. ಬಿಳಿಯ ಜೀಪು, ಚಿಕ್ಕ ಇಂಜಿನ್ನು, ಅಂದರೆ ಮೊಟ್ಟಮೊದಲ ದಿನ ಪೆನ್ನು ತಾನಾಗಿ ಬರೆದದ್ದೇ. ಮನೆಯ ಮುಂದೆ ನಿಲ್ಲಿಸಿ, ಅರಿಶಿನ ಕುಂಕುಮ ಹಚ್ಚಿ, ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟೆವು. ಅಕ್ಕ ಬೆಳಗ್ಗೆಯೇ ಎದ್ದು ತಲೆಗೆ ನೀರು ಹಾಕಿಕೊಂಡು, ಪೆಟ್ಟಿಗೆಯ ತಳದಿಂದ ಹಸಿರು ಸೀರೆ ತೆಗೆದು ಉಟ್ಟಿದ್ದಳು. ಮೊಮ್ಮಗನಿಗೆ ಬೆಳ್ಳಿಯ ಉಡಿದಾರ, ಗೌರಿಗೆ ಮಡಿಲು ತುಂಬಲು ಕೊಬ್ಬರಿ, ಬೆಲ್ಲ, ರವಿಕೆ ಕಣ, ಎಲ್ಲ ಒಂದು ಗಂಟು. ಕೋಲೂರಿಕೊಂಡು ಹೊಸ್ತಿಲು ದಾಟಿ ಜೀಪಿನ ಹತ್ತಿರ ಬಂದಳು. ಒಂದು ಕೈಯಿಂದ ಕಂಬಿ ಹಿಡಿದಳು. ಕಾಲೆತ್ತಿದಳು.

ಕಾಲು ಮೇಲೆ ಬರಲಿಲ್ಲ. ಜೀಪಿನ ಮೆಟ್ಟಿಲು ಅವಳ ಮಂಡಿಗಿಂತ ಒಂದು ಗೇಣು ಮೇಲಿತ್ತು. ನನ್ನ ಹೆಂಡತಿ ಓಡಿಹೋಗಿ ಎತ್ತರದ ಮಣೆ ತಂದಿಟ್ಟಳು. ಮಣೆ ಹತ್ತಲೂ ಮಂಡಿ ಮಡಚಬೇಕಲ್ಲ. ಮಣೆಯ ಮುಂದೆ ಇಟ್ಟಿಗೆ ಇಟ್ಟೆವು. ಇಟ್ಟಿಗೆಯ ಮೇಲೆ ಒಂದು ಕಾಲಿಟ್ಟು, ಇನ್ನೊಂದನ್ನು ಎತ್ತುವಾಗ ಅಕ್ಕ ತುಟಿ ಕಚ್ಚಿದಳು. ಕೆಳಗಿನ ತುಟಿಯಲ್ಲಿ ಹಲ್ಲಿನ ಗುರುತು ಬೆಳ್ಳಗೆ ಮೂಡಿದ್ದು ನನಗೆ ಕಾಣಿಸಿತು. ಮೂರು ವರ್ಷ ನಾವು ಮೂವರು ಗಂಡಸರು ಆ ಜಾತಿಯ ಜೀಪುಗಳ ಸುತ್ತ ತಿರುಗಿ, ಬಾನೆಟ್ಟು ಬಿಚ್ಚಿ, ಲೋಟದಲ್ಲಿ ನೀರಿಟ್ಟು ನೋಡಿದ್ದೆವು. ಇದರೊಳಕ್ಕೆ ಹತ್ತುವವಳು ಯಾರು ಎಂದು ಒಬ್ಬನೂ ನೋಡಿರಲಿಲ್ಲ. ಮೊದಲ ಫಾರಂ ಬರೆದ ವರ್ಷ ಅಕ್ಕ ನೋವೆನ್ನುತ್ತಲೇ ಏಣಿ ಹಾಕಿಕೊಂಡು ಅಟ್ಟ ಹತ್ತಿ ರಾಗಿ ಇಳಿಸುತ್ತಿದ್ದಳು. ಆಗ ಈ ಮೆಟ್ಟಿಲು ಅವಳಿಗೆ ಒಂದು ಲೆಕ್ಕವೇ ಆಗಿರಲಿಲ್ಲ.

ಪೂಜೆಗೆ ಬಂದಿದ್ದ ಪಿಳ್ಳಪ್ಪ, "ಎತ್ತಿ ಕೂರಿಸ್ಬುಡಾನ ಬುಡಿ, ಆ ಕಡೆ ಇಬ್ರು ಈ ಕಡೆ ಇಬ್ರು" ಎಂದ. ಅಕ್ಕ ಕಂಬಿ ಬಿಟ್ಟು ಹಿಂದೆ ಸರಿದಳು.

"ನಾಕು ಜನ ಎತ್ತಾದು ಒಂದೇ ಸರ್ತಿ ಕಣಪ್ಪ. ಅದ್ಕಿನ್ನೂ ಟೈಮೈತೆ."

ಅಕ್ಕ ಸೆರಗಿನಿಂದ ಮುಖ ಒರೆಸಿಕೊಂಡು, ನಗಲು ಪ್ರಯತ್ನಿಸಿ, ಗಂಟನ್ನು ನನ್ನ ಕೈಗೆ ಕೊಟ್ಟಳು. "ನೀನೇ ಹೋಗಿ ಕೊಟ್ಟು ಬಾರ್ಲಾ. ಮನೆ ಎಲ್ಲ ಚೆಂದಾಗಿ ನೋಡ್ಕಂಡ್ ಬಾ. ಬಂದು ಹೇಳು."

ನಾನು ಹೊರಟೆ. ಸುಳ್ಳೇಕೆ ಹೇಳಲಿ, ಡೆಂಕಣಿಕೋಟೆ ದಾಟುವ ತನಕ ಕಣ್ಣು ಮಂಜಾಗಿತ್ತು. ಘಾಟಿ ಬಂದಾಗ ಕಿವಿ ಇಂಜಿನ್ನಿನ ಕಡೆಗೆ ತಿರುಗಿತು. ಪ್ರತಿ ತಿರುವಿನಲ್ಲೂ ನಿಲ್ಲಿಸಿ, ಬಾನೆಟ್ಟು ಎತ್ತಿ, ಬಿಸಿಯಾಗಿದೆಯೇ ಎಂದು ಮುಟ್ಟಿ ನೋಡಿದೆ. ಕೊನೆಯ ಏರನ್ನು ಚಿಕ್ಕ ಇಂಜಿನ್ನು ಗುರ್ರೆನ್ನದೆ ಹತ್ತಿಬಿಟ್ಟಿತು. ಸೆಲ್ವಂ ಇದ್ದಿದ್ದರೆ ಎಂದು ಒಬ್ಬನೇ ಗಟ್ಟಿಯಾಗಿ ನಕ್ಕೆ. ಗೌರಿಯ ಮನೆಯ ಮುಂದೆ ಊರೇ ನೆರೆಯಿತು. ಚಿಕ್ಕದಾದರೂ ಹೇಗೆ ಎಳೆಯಿತು ಎಂದು ನಾನು ಎಲ್ಲರಿಗೂ ವಿವರಿಸಿದೆ. ಗೌರಿ, ಅವ್ವ ಯಾಕೆ ಬರಲಿಲ್ಲ ಎಂದು ಎರಡು ಸಲ ಕೇಳಿದಳು. ಮಂಡಿನೋವು ಎಂದೆ. ಅವಳು ಜಗಲಿಗೇ ತಂದುಕೊಟ್ಟ ಮುದ್ದೆ ಸಾರು ಉಂಡು, ಗಂಟು ಕೊಟ್ಟು, ಕತ್ತಲಾಗುವ ಮೊದಲು ಘಾಟಿ ದಾಟಬೇಕೆಂದು ಹೊರಟುಬಂದೆ.

ಅಕ್ಕ ಜಗಲಿಯ ಮೇಲೆ, ಹಸಿರು ಸೀರೆಯನ್ನು ಬದಲಾಯಿಸದೆ, ಕಾಯುತ್ತಿದ್ದಳು. ನಾನು ಕೂತ ಕೂಡಲೇ ಕೇಳಿದಳು.

"ಒಲೆ ಯಾವ ಕಡೀಕೈತ್ಲಾ?"

ನಾನು ನೋಡಿರಲಿಲ್ಲ.

"ನೀರು ಒಳೀಕೆ ಐತಾ, ದೂರದಿಂದ ಹೊರ್ಬೇಕಾ?"

ಅದೂ ಗೊತ್ತಿರಲಿಲ್ಲ. ತೊಟ್ಟಿಲನ್ನು ಎಲ್ಲಿ ಕಟ್ಟಿದ್ದಾರೆ, ಮನೆಯೊಳಗೆ ಗಾಳಿ ಬೆಳಕು ಇದೆಯೇ, ಹೊಗೆ ಹೋಗಲು ಗವಾಕ್ಷಿ ಇದೆಯೇ, ಯಾವುದನ್ನೂ ನಾನು ಗಮನಿಸಿರಲಿಲ್ಲ. ತಾಯಿ ಮಗುವನ್ನು ಬಿಡಲು ಹಿಂದೊಮ್ಮೆ ಹೋದವನೂ ನಾನೇ, ಆಗಲೂ ನೋಡಿರಲಿಲ್ಲ. ಅಕ್ಕನ ಕಣ್ಣಾಗಿ ಹೋದವನು ಬರೀ ಬಾನೆಟ್ಟು ನೋಡಿಕೊಂಡು ಬಂದಿದ್ದೆ. ಅವಳು ಬೈಯಲಿಲ್ಲ. "ದಣಿದಿದೀಯ, ಹೋಗಿ ಮನೀಕ" ಎಂದಳು. ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ.

ಮರುದಿನ ಬೆಳಗ್ಗೆ ಜೀಪಿನ ಬೀಗದಕೈಯನ್ನು ಹೆಂಡತಿಗೆ ಕೊಟ್ಟು ಬಸ್ಸು ಹತ್ತಿದೆ. ಘಾಟಿಯ ಬುಡದಲ್ಲಿ ಇಳಿದು ನಡೆದೆ. ಮಾವ ಮತ್ತೆ ಯಾಕೆ ಬಂದ ಎಂದು ಗೌರಿ ಗಾಬರಿಯಾದಳು. ನಾನು ನೇರವಾಗಿ ಅಡುಗೆಮನೆಗೆ ಹೋಗಿ ಕೂತೆ. ಒಲೆ ಪೂರ್ವಕ್ಕಿತ್ತು, ಎರಡು ಉರಿಯದು, ಬಲಗಡೆಯದು ಸ್ವಲ್ಪ ಬಿರುಕುಬಿಟ್ಟಿತ್ತು, ಮಣ್ಣು ಮೆತ್ತಿದ್ದರು. ನೀರಿಗೆ ಇನ್ನೂರು ಹೆಜ್ಜೆ, ನಾನೇ ಎಣಿಸಿದೆ, ದಾರಿಯಲ್ಲಿ ಒಂದು ಹುಣಸೆ ಮರದ ನೆರಳು. ಮಗು ದೊಡ್ಡವನಾದರೂ ಇನ್ನೂ ಬಿಡದ ತೊಟ್ಟಿಲು ನಡುಮನೆಯ ತೊಲೆಗೆ, ಹಳೆಯ ಸೀರೆಯದು. ಆ ಸೀರೆ ಅಕ್ಕನದೇ. ಗೌರಿ ಒಲೆಯ ಮುಂದೆ ಎಡಗಾಲು ಮಡಚಿ, ಬಲಗಾಲು ಚಾಚಿ ಕೂರುತ್ತಾಳೆ, ಥೇಟು ಅಕ್ಕನ ಹಾಗೆ.

ಸಂಜೆ ಬಂದು ಎಲ್ಲವನ್ನೂ ಹೇಳಿದೆ. ಅಕ್ಕ ಕಣ್ಣು ಮುಚ್ಚಿಕೊಂಡು ಕೇಳಿದಳು. ಹೆಜ್ಜೆಗಳ ಲೆಕ್ಕ ಬಂದಾಗ ನಡುವೆ ತಡೆದು, ಇಳಿಜಾರಾ ಏರಾ ಎಂದು ಕೇಳಿದಳು. ಬರುವಾಗ ಏರು, ತುಂಬಿದ ಬಿಂದಿಗೆ ಹೊತ್ತು ಎಂದೆ. ತನ್ನ ಮಂಡಿಯನ್ನು ಅಂಗೈಯಿಂದ ಮೆಲ್ಲಗೆ ಸವರಿಕೊಂಡಳು. ಆಮೇಲೆ ನನ್ನ ಕೈ ಹಿಡಿದು, "ನಾನೇ ಹೋಗ್ ಬಂದಂಗಾತು ಬುಡ್ಲಾ" ಎಂದಳು.

ನನ್ನನ್ನು ಸಾಕಿದ ಇಷ್ಟು ವರ್ಷಗಳಲ್ಲಿ ಅಕ್ಕ ನನಗೆ ಹೇಳಿದ ಸುಳ್ಳು ಅದೊಂದೇ.